ಮುಂಗುಸಿಯ ಶಾಂತಿಮಾತು

ಒಂದು ಕಾಡಿನಲ್ಲಿ ಮುಳ್ಳಕ್ಕ ಎಂಬ ಮುಳ್ಳುಹಂದಿ ಇದ್ದಳು. ಅವಳಿಗೆ ಎಲ್ಲದರಲ್ಲೂ ಅನುಮಾನ. ಮರದಿಂದ ಹಣ್ಣು ಬಿದ್ದರೂ, ಬೀಳಿಸಿದವರು ಯಾರು ಎಂದು ಮೊದಲು ಮೇಲೆ ನೋಡುತ್ತಿದ್ದಳು. ಉಳಿದ ಪ್ರಾಣಿಗಳು ಮುಸಿಮುಸಿ ನಗುತ್ತಿದ್ದವು.

ಆ ಬೇಸಿಗೆಯಲ್ಲಿ ಗುಡ್ಡದಾಚೆಯ ಕಾಡುಕೋಣಗಳು ಇವರ ಕೊಳಕ್ಕೆ ನೀರು ಕುಡಿಯಲು ಬರತೊಡಗಿದವು. ಕಾಡಿನ ಹಿರಿಯ, ಕಾಡುಹಂದಿ ಕೋರೆಯಪ್ಪ, ಕೆರಳಿ ಸಭೆ ಕರೆದ. ಯುದ್ಧವೇ ಆಗಲಿ, ಮೈಮೇಲೆ ಮುಳ್ಳಿರುವವರು ಮುಂದಿನ ಸಾಲಿನಲ್ಲಿ ನಿಲ್ಲಲಿ ಎಂದ. ಮುಳ್ಳಕ್ಕ ಮರಿಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಮುಂದಿನ ಸಾಲು ಎಂದರೆ ಅವಳು ಮತ್ತು ಅವಳ ಎರಡು ಮರಿಗಳು. ಮರಿಗಳ ಮುಳ್ಳು ಇನ್ನೂ ಗಟ್ಟಿಯಾಗಿರಲಿಲ್ಲ.

ನೀರುಕೋಳಿ ಏನೋ ಹೇಳಹೊರಟಳು. ಅವಳ ಸಣ್ಣ ದನಿ ಯಾರ ಕಿವಿಗೂ ಬೀಳಲಿಲ್ಲ. ಅಷ್ಟರಲ್ಲಿ ಮುಂಗುಸಿ ಬಂಡೆ ಹತ್ತಿದ. ಯುದ್ಧ ಬೇಡ, ತಾಯಂದಿರ ಕಣ್ಣೀರು ನೋಡಲಾರೆ ಎಂದು ತಾನೇ ಕಣ್ಣೊರೆಸಿಕೊಂಡ. ಗುಡ್ಡದ ತುದಿಯಲ್ಲಿ ಒರತೆಯಿದೆ, ಮಳೆ ಬರುವವರೆಗೆ ಎಲ್ಲರೂ ಕೊಳ ಬಿಟ್ಟು ಅಲ್ಲಿರೋಣ ಎಂದ. ಸಭೆಯ ಮನಸ್ಸು ಕರಗಿಹೋಯಿತು. ಕೋರೆಯಪ್ಪನೂ ಒಲ್ಲದ ಮನಸ್ಸಿನಿಂದ ಒಪ್ಪಿದ.

ಮುಳ್ಳಕ್ಕನಿಗೂ ತಲೆಯಾಡಿಸುವ ಆಸೆ. ಮಕ್ಕಳು ಉಳಿಯುತ್ತವಲ್ಲ. ಆದರೆ ತನಗೆ ಬೇಕಾದದ್ದನ್ನೇ ಇವನು ಇಷ್ಟು ಸಿಹಿಯಾಗಿ ಹೇಳುತ್ತಿರುವುದೇಕೆ? ಅವಳ ಬೆನ್ನಿನ ಮುಳ್ಳುಗಳು ನಿಮಿರಿದವು.

ಆ ಕಾಡಿನಲ್ಲೊಂದು ಕಟ್ಟಳೆಯಿತ್ತು. ಸಭೆಯಲ್ಲಿ ಯಾರ ಮಾತು ಗೆಲ್ಲುತ್ತದೋ ಅವರೇ ಅದರಂತೆ ಮೊದಲು ನಡೆಯಬೇಕು.

"ಹಾಗಾದರೆ ಮೊದಲು ನೀನು ಹೊರಡಪ್ಪ," ಎಂದಳು ಮುಳ್ಳಕ್ಕ. "ನಿನ್ನ ಹಿಂದೆ ನಾವು."

ಮುಂಗುಸಿ ತಡವರಿಸಿದ. "ನನ್ನ ಕಾಲು ಊದಿದೆ ಅಕ್ಕಾ. ನೀವೆಲ್ಲ ಹೋಗಿ. ನಾನು ಇಲ್ಲೇ ಇದ್ದು ಮೊಟ್ಟೆಗಳನ್ನು ನೋಡಿಕೊಳ್ಳುತ್ತೇನೆ."

"ಯಾವ ಮೊಟ್ಟೆ? ಇಲ್ಲಿ ಮೊಟ್ಟೆಯ ಸುದ್ದಿ ಯಾರೂ ಎತ್ತಲಿಲ್ಲವಲ್ಲ."

ಅಯ್ಯೋ, ಜೊಂಡಿನೊಳಗೆ ಬಚ್ಚಿಟ್ಟ ನನ್ನ ಮೊಟ್ಟೆಗಳು ಎಂದು ನೀರುಕೋಳಿ ಚೀರಿದಳು. ಮುಂಗುಸಿಯ ಹೊಟ್ಟೆಯೊಳಗಿನ ಗುಟ್ಟು ಎಲ್ಲರಿಗೂ ತಿಳಿಯಿತು.

ಕೋರೆಯಪ್ಪ ಗುಟುರು ಹಾಕಿದ. "ನೋಡಿದಿರಾ? ಯುದ್ಧ ಬೇಡ ಎನ್ನುವವರ ಬುದ್ಧಿಯೇ ಇಷ್ಟು. ನಾಳೆಯೇ ಯುದ್ಧ."

ಮುಳ್ಳಕ್ಕ ಮಕ್ಕಳ ಕಡೆ ನೋಡಿದಳು. ತನ್ನ ಅನುಮಾನವೇ ಮಕ್ಕಳ ಕುತ್ತಿಗೆಗೆ ಬಂತೇ? ಆದರೂ ಎದ್ದು ನಿಂತಳು.

"ಮುಂಗುಸಿ ಸುಳ್ಳ, ಒಪ್ಪಿದೆ. ಅಷ್ಟಕ್ಕೇ ಯುದ್ಧ ಒಳ್ಳೆಯದು ಹೇಗಾಯಿತು ಕೋರೆಯಪ್ಪಾ? ನೀರುಕೋಳಿಯ ಮಾತನ್ನು ನಾವಿನ್ನೂ ಕೇಳಿಯೇ ಇಲ್ಲ."

ನೀರುಕೋಳಿ ಹೇಳಿದ್ದು ಚಿಕ್ಕ ಮಾತು. ಕಾಡುಕೋಣಗಳು ಬಂದು ಒಂದು ತಿಂಗಳಾಯಿತು. ಅಷ್ಟರಲ್ಲಿ ಕೊಳದ ನೀರು ಇಳಿದದ್ದು ಒಂದೇ ಗೇಣು. ದಡದ ಬಂಡೆಯ ಮೇಲೆ ಹಳೆಯ ನೀರಿನ ಗುರುತಿದೆ, ಬೇಕಾದರೆ ಬಂದು ನೋಡಿ. ಮುಳ್ಳಕ್ಕ ಅದನ್ನೂ ನಂಬಲಿಲ್ಲ. ತಾನೇ ಹೋಗಿ ಅಳೆದಳು. ಒಂದೇ ಗೇಣು. ಮಳೆಗಾಲದವರೆಗೆ ಎರಡೂ ಕಡೆಯವರಿಗೆ ಸಾಕಾಗಿ ಮಿಗುವಷ್ಟು ನೀರಿತ್ತು. ಕೋರೆಯಪ್ಪನೂ ಬಂದು ಬಗ್ಗಿ ನೋಡಿ, ಯುದ್ಧದ ಮಾತು ಕೈಬಿಟ್ಟ.

ನೀರು ಹಂಚಿಕೊಳ್ಳೋಣ ಎಂಬ ನೀರುಕೋಳಿಯ ಮಾತು ಗೆದ್ದಿತು. ಕಟ್ಟಳೆಯಂತೆ ಅವಳೇ ಮೊದಲು ಕಾಡುಕೋಣಗಳ ಬಳಿ ಹೋದಳು. ಬೆಳಗ್ಗೆ ನೀವು ಕುಡಿಯಿರಿ, ಸಂಜೆ ನಾವು ಕುಡಿಯುತ್ತೇವೆ ಎಂದಳು. ಅವು ಒಪ್ಪಿದವು. ಅವಳು ಬರುವವರೆಗೆ ಮೊಟ್ಟೆಗಳಿಗೆ ಮುಳ್ಳಕ್ಕನ ಕಾವಲಿತ್ತು.

ಮುಂಗುಸಿಯ ಮಾತು ಒಂದು ಗಳಿಗೆಯಾದರೂ ಗೆದ್ದಿತ್ತು. ಅವನನ್ನೂ ಕಟ್ಟಳೆ ಬಿಡಲಿಲ್ಲ, ಗುಡ್ಡದ ತುದಿಗೆ ಹೋಗಿ ಇರಬೇಕಾಯಿತು. ಅಲ್ಲಿ ಒರತೆಯೇ ಇರಲಿಲ್ಲ. ಮಳೆ ಬರುವವರೆಗೆ ಅವನು ಕಲ್ಲಿನ ಮೇಲಿನ ಇಬ್ಬನಿ ನೆಕ್ಕಿಕೊಂಡು ಬದುಕಿದ.

ಮೊದಲ ಮಳೆಯಲ್ಲಿ ಮುಳ್ಳಕ್ಕನ ಮಕ್ಕಳು ಕೊಳದ ಕೆಸರಿನಲ್ಲಿ ಜಾರಿ ಆಡಿದವು. ಅವಳಿಗೆ ಕಣ್ಣು ತುಂಬಿ ಬಂತು. ಆದರೂ ಮೋಡವನ್ನು ಒಮ್ಮೆ ಅನುಮಾನದಿಂದಲೇ ನೋಡಿದಳು.

ನೀತಿ: ನಮಗೆ ಹಿತವಾದ ಮಾತನ್ನೂ ಪರೀಕ್ಷಿಸಿಯೇ ಒಪ್ಪಬೇಕು, ಯುದ್ಧ ಬೇಡವೆಂದವನು ಸುಳ್ಳನಾದ ಮಾತ್ರಕ್ಕೆ ಯುದ್ಧ ಸರಿಯಾಗುವುದಿಲ್ಲ.