ಬೋಪಯ್ಯನವರ ಬೆರಳು

ತರಬೇತಿ ವಿಮಾನದಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಹೊಸ ಪರದೆ ಕೂರಿಸಿದಾಗ, ಪಕ್ಕದ ಹಳೆಯ ಮಾಪಕ ಹೇಳಿತು: "ನನ್ನ ಮುಳ್ಳು ಸಿಕ್ಕಿಕೊಳ್ಳುತ್ತದೆ. ಕ್ಯಾಪ್ಟನ್ ಬೋಪಯ್ಯನವರು ಗಾಜಿನ ಮೇಲೆ ಎರಡು ಸಲ ತಟ್ಟಿದರೆ ಸರಿಹೋಗುತ್ತದೆ. ಇಪ್ಪತ್ತು ವರ್ಷದ ಅಭ್ಯಾಸ."

"ನನ್ನನ್ನು ಯಾರೂ ತಟ್ಟಬೇಕಾಗಿಲ್ಲ, ಅಜ್ಜ," ಎಂದಿತು ಪರದೆ.

ಆಕಾಶದಲ್ಲಿ ಎಂಜಿನ್, "ಮೈ ಸುಡುತ್ತಿದೆ, ಅವರಿಗೆ ತಿಳಿಸು," ಎಂದಿತು. ಪರದೆ ಕೂಡಲೇ ಕೆಂಪಾಯಿತು. ಬೋಪಯ್ಯನವರು ತಟ್ಟಿದರು. ಮುಟ್ಟಿದರೆ ಎಚ್ಚರಿಕೆ ಅಳಿಸುವ ಪರದೆ ಅದು, ಕೆಂಪು ಹೋಯಿತು.

"ಇದಕ್ಕೂ ಅದೇ ಮದ್ದು," ಎಂದರು ಅವರು ಸಮಾಧಾನದಿಂದ.

ಎಂಜಿನ್ ಮತ್ತೆ ದೂರಿತು, ಅವರು ಮತ್ತೆ ತಟ್ಟಿದರು. ಮೂರನೆಯ ಸಲ ಎಂಜಿನ್ ಯಾರಿಗೂ ಹೇಳಲು ಹೋಗದೆ ನಿಂತುಬಿಟ್ಟಿತು.

ವಿಮಾನವನ್ನು ಜೋಳದ ಹೊಲದಲ್ಲಿ ಜೋಪಾನವಾಗಿ ಇಳಿಸಿದ ಬೋಪಯ್ಯನವರು ಕೆಳಗೆ ಬಂದು, ಎಂಜಿನ್ನಿನ ಮೇಲೆ ಎರಡು ಸಲ ತಟ್ಟಿದರು.