ಬಾಳವ್ವನ ಸೆರಗು

ಉತ್ತರದ ಹಿಮದ ಸೀಮೆಯಲ್ಲಿ, ಈಗ ಯಾತ್ರಿಕರು ಹೆಚ್ಚು ತುಳಿಯದ ಹಳೆಯ ಕಾಲುದಾರಿಯೊಂದಿದೆ. ನಮ್ಮ ಕನ್ನಡದವರ ಛತ್ರದಿಂದ ಅರ್ಧ ದಿನ ಏರಿದರೆ ಎರಡು ಕರಿಬಂಡೆಗಳ ನಡುವೆ ಒಂದು ಇಳಿಜಾರು ಎದುರಾಗುತ್ತದೆ. ಶಿಖರದಿಂದ ಕಣಿವೆಯವರೆಗೂ ಒಂದೇ ಬಿಳುಪು. ದಾಟಲು ಇನ್ನೂರು ಹೆಜ್ಜೆ ಸಾಕು. ಅಲ್ಲಿನ ಕುರಿಗಾಹಿಗಳ ಬಾಯಲ್ಲೂ ಅದರ ಹೆಸರು ಬಾಳವ್ವನ ಸೆರಗು. ಬಿಳಿ ಸೆರಗು ಇಳಿಬಿಟ್ಟಂತೆ ಕಾಣುವುದರಿಂದ ಆ ಹೆಸರು ಎಂದು ಬಂದವರು ತಾವೇ ಅರ್ಥ ಹಚ್ಚಿಕೊಂಡು, ಫೋಟೋ ಹಿಡಿದು ಹೋಗುತ್ತಾರೆ. ಅಯ್ಯೋ ಪುಣ್ಯಾತ್ಮರೇ, ಒಂದು ಗಳಿಗೆ ಕೂತು ಕೇಳಿದರೆ ನಿಮ್ಮ ಗಂಟೇನು ಹೋಗುತ್ತದೆ! ಮೂವತ್ತು ವರ್ಷ ಈ ಛತ್ರದ ಒಲೆ ಕಾದವನು ನಾನು. ನನಗಿಂತ ಮೊದಲು ಇದೇ ಒಲೆ ಕಾದ ಅಜ್ಜನವರಿಂದ ಕೇಳಿದ್ದನ್ನು ಹೇಳುತ್ತೇನೆ.

ಹಿಂದೆ ಒಮ್ಮೆ, ರೈಲು ಮೋಟಾರು ಇಲ್ಲದ ಕಾಲದಲ್ಲಿ, ಬೆಣ್ಣೆಹಳ್ಳದ ದಂಡೆಯ ಊರೊಂದರಿಂದ ಹನ್ನೊಂದು ಮಂದಿ ಶಿವನ ದರ್ಶನಕ್ಕೆ ಕಾಲ್ನಡಿಗೆಯಲ್ಲಿ ಹೊರಟರು ಎನ್ನುತ್ತಾರೆ. ಮುಂದಾಳು ಚನ್ನಮಲ್ಲಪ್ಪ. ಅವನ ಹಿಂದೆ ಹೆಂಡತಿ ಬಾಳವ್ವ, ಅವಳ ಹಿಂದೆ ಸೊಸೆ ಕಲ್ಲವ್ವ, ಆಮೇಲೆ ಉಳಿದ ಎಂಟು ಮಂದಿ. ದರ್ಶನವಾಗುವ ತನಕ ಯಾರೂ ಯಾರನ್ನೂ ಅಗಲುವುದಿಲ್ಲ ಎಂದು ಊರ ದೇವರ ಮುಂದೆ ಆಣೆ ಮಾಡಿದ್ದರು. ಕಷ್ಟದ ದಾರಿ ಬಂದಾಗಲೆಲ್ಲ ಶಲ್ಯಕ್ಕೆ ಸೆರಗು, ಸೆರಗಿಗೆ ಸೆರಗು ಗಂಟು ಹಾಕಿ ಒಂದೇ ಸಾಲಾಗಿ ದಾಟುವರು. ತುಂಬಿದ ಹೊಳೆಯೊಂದರಲ್ಲಿ ಚನ್ನಮಲ್ಲಪ್ಪ ಕೊಚ್ಚಿಹೋಗುತ್ತಿದ್ದಾಗ ಹಿಂದಿನ ಹತ್ತು ಮಂದಿ ಅವನನ್ನು ಎಳೆದು ಉಳಿಸಿಕೊಂಡದ್ದು ಆ ಗಂಟಿನಿಂದಲೇ. ಅಂದಿನಿಂದ ಅವನಿಗೆ ಗಂಟೆಂದರೆ ದೇವರಷ್ಟೇ ನಂಬಿಕೆ.

ಇವರು ಈ ಇಳಿಜಾರಿಗೆ ಬಂದಾಗ ಮೂರು ದಿನ ಗಾಳಿ ಬೀಸಿ ಹೊಸ ಹಿಮ ಬಿದ್ದಿತ್ತು. ರತನು ಎಂಬ ಕುರಿಗಾಹಿ ಅಡ್ಡ ನಿಂತ. ಅವನ ಭಾಷೆ ಇವರಿಗೆ ಬಾರದು. ಪಾಪ, ಅವನು ಕೋಲಿನಿಂದ ಸೊಂಟದಾಳ ಗುಂಡಿ ತೋಡಿ ತೋರಿಸಿದ: ಮೇಲೆ ಕಟಕ ರೊಟ್ಟಿಯಂಥ ಗಟ್ಟಿ ಪದರ, ಅದರಡಿ ಹಿಡಿಗೆ ನಿಲ್ಲದ ರವೆಯಂಥ ಹಿಮ. ಒಂದು ಬೆರಳೆತ್ತಿ ಒಬ್ಬೊಬ್ಬರೇ ಹೋಗಿ ಎಂದು ಸನ್ನೆ ಮಾಡಿದ. ಬಾಳವ್ವ ಕೂತು ಆ ರವೆಯನ್ನು ಬೊಗಸೆಯಲ್ಲಿ ಹಿಡಿದಳು. ಬೆರಳ ಸಂದಿಯಿಂದ ಸೋರಿಹೋಯಿತು. "ಇದರ ಮ್ಯಾಲ ಹನ್ನೊಂದು ಮಂದಿ ಭಾರ ನಿಂದರೂದಿಲ್ಲರೀ. ಒಬ್ಬೊಬ್ಬರ ಹೋಗೂಣು," ಎಂದಳು.

"ಹೊಳ್ಯಾಗ ಕಾಯ್ದ ಗಂಟು ಇಲ್ಲಿ ಕಾಯೂದಿಲ್ಲೇನು? ದೇವರ ಬಾಗಿಲಿಗೆ ಬಂದು ಆಣಿ ಮುರಿ ಅಂತೀಯಾ?" ಎಂದು ಚನ್ನಮಲ್ಲಪ್ಪ ಗದರಿದ. ವಿನಾಶಕಾಲಕ್ಕೆ ವಿಪರೀತ ಬುದ್ಧಿ, ಮತ್ತೇನು ಹೇಳಲಿ! ಬಾಳವ್ವನ ಸೆರಗಿನ ಒಂದು ಚುಂಗು ಗಂಡನ ಶಲ್ಯಕ್ಕೆ, ಇನ್ನೊಂದು ಚುಂಗು ಸೊಸೆಯ ಸೆರಗಿಗೆ ಬಿಗಿದಿತ್ತು. ಅವಳು ಹಿಂದೆ ತಿರುಗಿ ಸೊಸೆಯ ಕಡೆಯದನ್ನು ಬಿಚ್ಚಿ, ಎಳೆದರೆ ಬಿಚ್ಚಿಕೊಳ್ಳುವ ಜಾರುಗಂಟು ಹಾಕಿದಳು.

"ಅತ್ತಿ, ಮಾವನ ಕಡೀದು?" ಎಂದಳು ಕಲ್ಲವ್ವ, ಮೆಲ್ಲಗೆ.

"ಅದನ್ನ ಬಿಚ್ಚಿದ್ರ ಅವರು ಒಬ್ಬರ ಆಗ್ತಾರವ್ವ. ಅದು ಇರಲಿ."

ಗಂಡಹೆಂಡತಿ ಹಿಮದ ಮೇಲೆ ಎರಡು ಮೂರು ಹೆಜ್ಜೆ ಇಟ್ಟಿರಬೇಕು, ಕಲ್ಲವ್ವ ಆಗಷ್ಟೇ ಬಂಡೆಯಿಂದ ಕಾಲಿಳಿಸಿದ್ದಳು. ಕಾಲಡಿಯಲ್ಲಿ ಗುಮ್ಮೆಂದು ಸದ್ದಾಯಿತು. ಮೇಲೆ, ಇಳಿಜಾರಿನ ಉದ್ದಗಲಕ್ಕೂ ಬಿರುಕೊಂದು ಓಡಿತು. ಬಾಳವ್ವ ಜಾರುಗಂಟಿನ ಚುಂಗು ಎಳೆದು ಬಿಚ್ಚಿ, "ಹಿಂದಕ್ಕ ಸರೀರಿ!" ಎಂದು ಕೂಗಿ, ಸೊಸೆಯನ್ನು ಎರಡೂ ಕೈಯಿಂದ ಬಂಡೆಯತ್ತ ತಳ್ಳಿದಳು. ಇಳಿಜಾರಿಗೆ ಇಳಿಜಾರೇ ಜಾರಿತು. ಹಿಮದ ಹೊಗೆ ಇಳಿದಾಗ ಬಂಡೆಯ ಮೇಲೆ ಒಂಬತ್ತು ಮಂದಿ ಉಳಿದಿದ್ದರು.

ಅವರು ದರ್ಶನಕ್ಕೆ ಹೋಗದೆ ರತನುವಿನ ಹಟ್ಟಿಯಲ್ಲೇ ಹಿಮ ಕರಗುವ ತನಕ ಕಾದರು ಎನ್ನುತ್ತಾರೆ. ಕಣಿವೆಯಲ್ಲಿ ಇಬ್ಬರೂ ಒಟ್ಟಿಗೆ ಸಿಕ್ಕರು. ಗಂಡನ ಕಡೆಯ ಗಂಟು ಹಾಗೇ ಇತ್ತು. ಹಿಮದ ನೀರು ಕುಡಿದು ಇನ್ನಷ್ಟು ಬಿಗಿದಿತ್ತು. ಊರಿಗೆ ಮರಳಿದಾಗ ಹಿರಿಯರು, ಆಣೆ ಮುರಿದು ಬಂದಿರಾ ಎಂದು ಮುಖ ತಿರುವಿದರಂತೆ. ಕಲ್ಲವ್ವ ಶಲ್ಯದ ಗಂಟಿನ ಸಮೇತ ತಂದಿದ್ದ ಅತ್ತೆಯ ಸೆರಗನ್ನು ಕಟ್ಟೆಯ ಮೇಲೆ ಹಾಸಿ, "ನೋಡ್ರಿ. ಈ ಚುಂಗು ಹರಿದಿಲ್ಲ, ಬಿಚ್ಚೇತಿ. ಇದರಿಂದ ನಾವು ಒಂಬತ್ತು ಮಂದಿ ಬದುಕೇವಿ. ಆ ಚುಂಗು ನೋಡ್ರಿ, ಬಿಚ್ಚಿಲ್ಲ. ಆಣಿ ಯಾರು ಮುರದಾರ, ನೀವ ಹೇಳ್ರಿ," ಎಂದಳು.

ಇಂದಿಗೂ ಆ ಕರಿಬಂಡೆಯ ಮೇಲೆ ಒಂದು ಗೂಟವಿದೆ. ವರ್ಷಕ್ಕೊಮ್ಮೆ ಕುರಿಗಾಹಿಗಳು ಹೊಸ ಶಲ್ಯ, ಹೊಸ ಸೆರಗು ತಂದು ಗಂಟು ಹಾಕಿ ಅದಕ್ಕೆ ಕಟ್ಟುತ್ತಾರೆ. ಸೆರಗಿನ ಇನ್ನೊಂದು ಚುಂಗು ಗಾಳಿಗೆ ಬಿಟ್ಟಿರುತ್ತಾರೆ. ಅಲ್ಲಿ ಬಂದವರು ಹಿಡಿದ ಕೈ ಬಿಡುತ್ತಾರೆ, ತಾಯಿಮಗಳಾದರೂ ಸರಿ, ಮದುವೆಯಾಗಿ ವಾರವಾದ ಜೋಡಿಯಾದರೂ ಸರಿ. ಒಬ್ಬರು ದಾಟಿ ಆಚೆ ಬಂಡೆಯ ಮೇಲೆ ತಿರುಗಿ ನಿಲ್ಲುವ ತನಕ ಈಚೆಯವರು ಅವರ ಮೇಲಿಂದ ಕಣ್ಣು ಕೀಳುವುದಿಲ್ಲ.