ಹೊಸಿಲಿನ ಎರಡು ಕಡೆ

ಏಪ್ರಿಲ್ ಹನ್ನೊಂದು. ಬೆಳಗಿನಿಂದ ಬಿರುಬಿಸಿಲು, ಗಾಳಿಯಿಲ್ಲ.

“ಗುರುಗಳೇ, ಬೆಳಕಿಗೆ ಕ್ಯಾಮೆರಾದ ಎಕ್ಸ್‌ಪೋಷರ್ ಹೊಂದಿಸಿದರೆ ನೆರಳು ಮಸಿಯಾಗುತ್ತದೆ. ನೆರಳಿಗೆ ಹೊಂದಿಸಿದರೆ ಬೆಳಕು ಸುಣ್ಣವಾಗುತ್ತದೆ. ಎರಡನ್ನೂ ಉಳಿಸಿಕೊಳ್ಳಲು ಏನು ತೆರಬೇಕು?”

ಕೇಳಿದವನು ಛಾಯಾಗ್ರಹಣ ಕಲಿಯುತ್ತಿದ್ದ ಶಿಷ್ಯ. ಬಿಸಿಲಲ್ಲಿ ನಡೆದು ಬಂದು, ಮೂಲೆಯ ಹೂಜಿಯಿಂದ ಎರಡು ಲೋಟ ನೀರು ಕುಡಿದು ಆಗತಾನೇ ಕುಳಿತಿದ್ದ.

ಗುರು ಹೇಳಿದರು:

ಕುಂಬಾರರ ಮನೆಯ ಒಬ್ಬ ತಾಯಿಗೆ ಇಬ್ಬರು ಗಂಡುಮಕ್ಕಳು. ಪಾಲಾದಾಗ ಮಡಕೆ ಮಾಡುವ ತಿಗರಿ ಅಣ್ಣನಿಗೆ ಬಂತು, ಸುಡುವ ಆವಿಗೆ ತಮ್ಮನಿಗೆ. ತಿಗರಿ ಕತ್ತಲೆಯ ಕೋಣೆಯಲ್ಲಿ, ಆವಿಗೆ ಅಂಗಳದಲ್ಲಿ. ಮೂರು ವರ್ಷ ಅಣ್ಣ ಅಂಗಳಕ್ಕೆ ಇಳಿಯಲಿಲ್ಲ, ತಮ್ಮ ಕೋಣೆಗೆ ಕಾಲಿಡಲಿಲ್ಲ. ಅಣ್ಣ ಹಸಿ ಮಡಕೆಗಳನ್ನು ಪಕ್ಕದೂರಿಗೆ ಹೊತ್ತೊಯ್ದು ಸುಡಿಸುತ್ತಿದ್ದ. ಅರ್ಧದಷ್ಟು ದಾರಿಯಲ್ಲೇ ಒಡೆಯುತ್ತಿದ್ದವು. ತಮ್ಮನ ಆವಿಗೆಯಲ್ಲಿ ಹುಲ್ಲು ಬೆಳೆಯಿತು.

ತಾಯಿ ಒಬ್ಬ ಛಾಯಾಗ್ರಾಹಕನನ್ನು ಕರೆಸಿದಳು. “ಇಬ್ಬರೂ ಒಂದೇ ಪಟದಲ್ಲಿ ಇರಬೇಕಪ್ಪ. ಪಟದಲ್ಲಾದರೂ ಒಟ್ಟಿಗೆ ನೋಡುತ್ತೇನೆ.”

ಮಕ್ಕಳು ಒಪ್ಪಿದರು, ಹೊಸಿಲು ದಾಟಲು ಮಾತ್ರ ಒಪ್ಪಲಿಲ್ಲ. ಅಣ್ಣ ತಿಗರಿಯ ಮುಂದೆ ಕುಳಿತ. ತಮ್ಮ, ತೆರೆದ ಬಾಗಿಲಿಂದ ಕಾಣುವಂತೆ, ಆವಿಗೆಯ ಮುಂದೆ ನಿಂತ. ಬಿಸಿಲಿಗೆ ಹೊಂದಿಸಿ ತೆಗೆದರೆ ಅಣ್ಣ ಕಾಣಲಿಲ್ಲ. ಕತ್ತಲೆಗೆ ಹೊಂದಿಸಿ ತೆಗೆದರೆ ತಮ್ಮ ಕಾಣಲಿಲ್ಲ.

“ಒಂದರಲ್ಲಿ ದೊಡ್ಡವನಿಲ್ಲ, ಇನ್ನೊಂದರಲ್ಲಿ ಚಿಕ್ಕವನಿಲ್ಲ. ಇದನ್ನು ನಾನು ದಿನಾ ನೋಡುತ್ತಿದ್ದೇನೆ. ಇದಕ್ಕೆ ನೀನು ಯಾಕೆ ಬೇಕಿತ್ತು?” ಎಂದಳು ತಾಯಿ.

ಆತ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಕೂರಿಸಿ ಮೂರು ಪಟ ತೆಗೆದ. ಬಿಸಿಲಿಗೊಂದು, ನಡುವಿಗೊಂದು, ಕತ್ತಲೆಗೊಂದು. ಮೊದಲನೆಯದು ಮುಗಿದೊಡನೆ ತಮ್ಮ ತನ್ನದಾಯಿತೆಂದು ನೆರಳಿಗೆ ಸರಿದ. ಅಣ್ಣ ತನ್ನ ಸರದಿ ಬರುವವರೆಗೂ ಅತ್ತಿತ್ತ ಹೊರಳುತ್ತಿದ್ದ. ಮೂರನ್ನೂ ಒಂದೇ ಪಟವಾಗಿ ಬೆಸೆದಾಗ ತಮ್ಮನ ಎದೆಯೊಳಗಿಂದ ಆವಿಗೆಯ ಗೋಡೆ ಕಂಡಿತು. ಅಣ್ಣನಿಗೆ ಎರಡು ಮುಖ ಬಂದಿದ್ದವು.

“ಒಳ್ಳೆ ದೆವ್ವಗಳನ್ನು ಹೆತ್ತೆ” ಎಂದಳು ತಾಯಿ.

ಛಾಯಾಗ್ರಾಹಕ ತಮ್ಮನಿಗೆ ಹೇಳಿದ: “ನಿನ್ನ ಸರದಿಗೆ ನಿಂತರೆ ಸಾಲದು. ನೀನು ಕಾಣದ ಪಟಕ್ಕೂ ಅಲುಗಾಡದೆ ನಿಲ್ಲಬೇಕು.”

“ಕಾಣದ ಪಟಕ್ಕೆ ನಾನ್ಯಾಕಯ್ಯ ನಿಲ್ಲಲಿ?”

“ಅದರಲ್ಲಿ ನಿನ್ನಣ್ಣ ಕಾಣುತ್ತಾನೆ.”

ಅಣ್ಣನಿಗೂ ಕೇಳಿಸಿತು.

ಮರುದಿನ ಮಧ್ಯಾಹ್ನ ಮತ್ತೆ ಕುಳಿತರು, ನಿಂತರು. ಮೊದಲ ಪಟಕ್ಕೆ ಅಣ್ಣ ಕತ್ತಲೆಯಲ್ಲಿ ಕೈ ಕೂಡ ಅಲುಗಿಸದೆ ಕುಳಿತಿದ್ದ. ಕತ್ತಲೆಗೆಂದು ತೆಗೆಯುವ ಮೂರನೆಯದಕ್ಕೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಕು. ಆವಿಗೆಯ ಮುಂದೆ ಚಪ್ಪಲಿ ಹಾಕುವುದು ಅವರಲ್ಲಿ ನಿಷಿದ್ಧ. ತಮ್ಮ ಕಾದ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದ. ಒಳಗಿನಿಂದ, ಅಣ್ಣ ತುಟಿ ಅಲುಗಿಸದೆ ಆಡಿದ ಮಾತು ಕೇಳಿತು: “ಬೇಗ ಮುಗಿಸಯ್ಯ, ಅವನ ಕಾಲು ಸುಡುತ್ತಿದೆ.”

ತಮ್ಮ ಕದಲಲಿಲ್ಲ. ಪಟ ಸರಿಯಾಗಿ ಬಂತು.

ಗುರು ಕಥೆ ಮುಗಿಸಿದರು. ಶಿಷ್ಯ ಕೇಳಿದ: “ಆ ಛಾಯಾಗ್ರಾಹಕನಿಗೆ ಕೊನೆಗೆ ಏನು ಕೊಟ್ಟರು?”

“ನೀನು ಬಂದೊಡನೆ ನೀರು ಕುಡಿದೆಯಲ್ಲ, ಆ ಹೂಜಿ, ಅಣ್ಣನ ತಿಗರಿಯಲ್ಲಿ ಮಾಡಿದ್ದು, ತಮ್ಮನ ಆವಿಗೆಯಲ್ಲಿ ಸುಟ್ಟದ್ದು.”